ಮೂವತ್ತು ಲೈಫಿನ ಉಪಕಾರ

ಆರ್ಕೇಡ್‌ನ ಶೂಟಿಂಗ್ ಆಟವನ್ನು ಮನೆಯ ಟಿವಿಗೆ ತರುವಾಗ ಹೊಸಬರಿಗೆಂದು ಒಂದು ಸುಲಭದ ಮೋಡ್ ಇಡಬೇಕು, ಸುಲಭ ಅಂದರೆ ಲೈಫ್ ಜಾಸ್ತಿ, ಗುಂಡು ಕಡಿಮೆ. ಈಗ ಇದನ್ನು ಪ್ರಶ್ನಿಸುವವರು ಕಡಿಮೆ. ತಕರಾರು ತೆಗೆಯುವವರು ಯಾರಾದರೂ ಇದ್ದರೆ ಅವರು ಮಡಿವಂತರು. ಆರ್ಕೇಡ್‌ನಲ್ಲಿ ಎಷ್ಟು ಕಷ್ಟವಿತ್ತೋ ಅಷ್ಟೇ ಇರಲಿ, ಆಗದವರು ಬೇರೆ ಆಟ ನೋಡಿಕೊಳ್ಳಲಿ ಎನ್ನುವವರು. ವರ್ಷಗಳಿಂದ ಜಗಳ ಈ ಎರಡು ಪಂಗಡಗಳ ನಡುವೆಯೇ ನಡೆದಿದೆ. ಆದರೆ ಮಡಿವಂತರು ಕಾಯುತ್ತಿರುವ ‘ಮೂಲ ಕಷ್ಟ’ ಎಂಬ ವಸ್ತು ಎಂದೂ ಇರಲಿಲ್ಲ. ಸುಲಭದ ಮೋಡ್ ಕೊಡುವ ಉಪಕಾರಿಗಳು ಹಂಚುತ್ತಿರುವುದೋ, ಹೊಸಬನಿಗೆ ಬೇಕಾದದ್ದೇ ಅಲ್ಲ.

ಮಡಿವಂತರ ಲೆಕ್ಕ ಬೇಗ ಚುಕ್ತಾ ಆಗುತ್ತದೆ. ಆರ್ಕೇಡ್ ಯಂತ್ರದ ಹಿಂಬದಿ ತೆಗೆದರೆ ಸರ್ಕ್ಯೂಟ್ ಬೋರ್ಡಿನ ಮೇಲೆ ಸಾಲಾಗಿ ಡಿಪ್ ಸ್ವಿಚ್‌ಗಳು ಇರುತ್ತವೆ. ಒಂದು ನಾಣ್ಯಕ್ಕೆ ಎಷ್ಟು ಲೈಫ್, ಎಷ್ಟು ಅಂಕಕ್ಕೆ ಇನ್ನೊಂದು ಲೈಫ್, ಶತ್ರುಗಳ ಬಿರುಸು ಎಷ್ಟು ಎಂಬುದನ್ನೆಲ್ಲ ತೀರ್ಮಾನಿಸುತ್ತಿದ್ದವನು ಅಂಗಡಿಯವನು. ಗಿರಾಕಿ ಬಹಳ ಹೊತ್ತು ಯಂತ್ರ ಬಿಡುತ್ತಿಲ್ಲ ಅನ್ನಿಸಿದರೆ ಸ್ವಿಚ್ ಅತ್ತ ತಳ್ಳುತ್ತಿದ್ದ, ಗಿರಾಕಿಯೇ ಬರುತ್ತಿಲ್ಲ ಅನ್ನಿಸಿದರೆ ಇತ್ತ. ಇದರಲ್ಲಿ ಮೂಲ ಯಾವುದು? ಮನೆಗೆ ಬಂದ ಆಟಗಳೂ ಮೊದಲ ದಿನದಿಂದಲೇ ಹೀಗೆ. 1978ರಲ್ಲಿ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾದೊ ಮಾಡಿದ ಸ್ಪೇಸ್ ಇನ್ವೇಡರ್ಸ್ 1980ರಲ್ಲಿ ಅಟಾರಿಯ ಮನೆಪೆಟ್ಟಿಗೆಗೆ ಬಂದಾಗ, ಆ ಪೆಟ್ಟಿಗೆಯ ಮೇಲಿನ ಒಂದು ಸ್ವಿಚ್ ಒತ್ತಿದರೆ ನಿಮ್ಮ ಫಿರಂಗಿಯ ಅಗಲ ಎರಡರಷ್ಟಾಗುತ್ತಿತ್ತು. ಹೆಚ್ಚು ಅಗಲ, ಹೆಚ್ಚು ಪೆಟ್ಟು. ದೊಡ್ಡದಾದಷ್ಟೂ ಕಷ್ಟ ಎಂಬ ಈ ತಮಾಷೆ ನನಗೆ ಇಂದಿಗೂ ಇಷ್ಟ.

ಉಪಕಾರಿಗಳ ವಿಷಯ ಇಷ್ಟು ಸಲೀಸಲ್ಲ. ಅದನ್ನು ತೂಗಿ ನೋಡಲು ನಮ್ಮ ಬೆಳಗಾವಿ ಜಿಲ್ಲೆಯ ತುಕ್ಕಾನಟ್ಟಿ ಕಡೆಗೇ ಬರಬೇಕು. ಯಾಕೆಂದರೆ ಇಲ್ಲಿ ಆರ್ಕೇಡ್ ಯಂತ್ರವನ್ನೇ ಕಾಣದವರ ಕೈಗೆ ಅದರ ಆಟಗಳು ನೇರವಾಗಿ ಬಂದವು. ಗೋಕಾಕದ ಪೇಟೆಯಲ್ಲೋ ಬೆಳಗಾವಿಯ ಖಡೇಬಜಾರದಲ್ಲೋ ಕೊಂಡ, ಜಪಾನಿನ ಫ್ಯಾಮಿಕಾಮ್‌ನ ನಕಲು ಪೆಟ್ಟಿಗೆ. ಅದರ ನೆತ್ತಿಗೆ ಚುಚ್ಚುವ ಹಳದಿ ಕ್ಯಾಸೆಟ್. ಕ್ಯಾಸೆಟ್ ಅಂದರೆ ಹಾಡಿನದಲ್ಲ, ಆಟದ್ದು. ಕೂಡದಿದ್ದರೆ ತೆಗೆದು ಬಾಯಿಂದ ಉಫ್ ಎಂದು ಊದಿ ಮತ್ತೆ ಚುಚ್ಚಬೇಕು. ಘಟಪ್ರಭೆಯ ಆಸುಪಾಸಿನ ಕಬ್ಬಿನ ಊರುಗಳಲ್ಲಿ ಬೇಸಿಗೆ ರಜೆಯ ಮಧ್ಯಾಹ್ನಗಳು ಹೀಗೇ ಕಳೆದವು, ಕರೆಂಟ್ ಇದ್ದಷ್ಟು ಹೊತ್ತು.

ಆ ಕ್ಯಾಸೆಟ್‌ಗಳಲ್ಲಿ ರಾಜ ಕಾಂಟ್ರಾ. ಕೊನಾಮಿ ಕಂಪನಿಯ ಈ ಆಟ ಆರ್ಕೇಡ್‌ಗೆ ಬಂದದ್ದು 1987ರಲ್ಲಿ, ಮನೆಯ ಪೆಟ್ಟಿಗೆಗೆ 1988ರಲ್ಲಿ. ಒಂದು ಗುಂಡು ತಾಗಿದರೆ ಸಾವು. ಸತ್ತರೆ ಕೈಯಲ್ಲಿದ್ದ, ಗುಂಡು ಚದುರಿಸಿ ಹೊಡೆಯುವ ಎಸ್ ಗನ್ನೂ ಹೋಯಿತು. ಸಿಗುವುದು ಮೂರೇ ಲೈಫ್. ಆದರೆ ಶುರುವಿನ ಪರದೆಯಲ್ಲಿ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿದರೆ ಮೂವತ್ತು. ಈ ಮಂತ್ರ ಹುಟ್ಟಿದ ಕಥೆ ಗೊತ್ತಿರುವಂಥದ್ದೇ. ಕಜುಹಿಸಾ ಹಾಶಿಮೊಟೊ ಎಂಬ ಪ್ರೋಗ್ರಾಮರ್ 1986ರಲ್ಲಿ ಗ್ರಾಡಿಯಸ್ ಎಂಬ ವಿಮಾನದ ಆಟವನ್ನು ಫ್ಯಾಮಿಕಾಮ್‌ಗೆ ಇಳಿಸುತ್ತಿದ್ದರು. ಪರೀಕ್ಷೆ ಮಾಡಲು ಆಟ ಪೂರ್ತಿ ಆಡಬೇಕು, ಆಡಿದರೆ ಸಾಯುತ್ತಾರೆ. ಅದಕ್ಕೇ ಎಲ್ಲ ಆಯುಧಗಳನ್ನೂ ಒಮ್ಮೆಗೇ ಕೊಡುವ ಗುಪ್ತ ಸಂಕೇತವನ್ನು ತಮಗಾಗಿ ಬರೆದುಕೊಂಡರು. ಅದು ಆಟದೊಳಗೇ ಉಳಿದು ಜಗತ್ತಿಗೆಲ್ಲ ಹರಡಿತು. 2020ರಲ್ಲಿ ಅವರು ತೀರಿಕೊಂಡಾಗ ಎಲ್ಲ ಕಡೆ ಬಂದ ಶ್ರದ್ಧಾಂಜಲಿಗಳು ಈ ಸಂಕೇತವನ್ನೇ ಕೊಂಡಾಡಿದವು.

ಈ ಕಥೆಯಲ್ಲಿ ಹಾಶಿಮೊಟೊ ಹೊಸಬರಲ್ಲ, ಆಟವನ್ನು ಬಿಡಿಸಿ ಜೋಡಿಸುತ್ತಿದ್ದವರು. ಅವರಿಗೆ ಬೇಕಾಗಿದ್ದದ್ದು ಕೊನೆ ಮುಟ್ಟುವುದು, ಕಲಿಯುವುದಲ್ಲ. ಕೆಲಸಗಾರನ ಅಡ್ಡದಾರಿಯನ್ನು ನಾವು ಕಲಿಯುವವನ ಮೆಟ್ಟಿಲು ಎಂದು ತಿಳಿದುಕೊಂಡೆವು.

ಅದರಿಂದ ಆದದ್ದೇನು ಎಂಬುದು ಕಾಂಟ್ರಾದ ಮೂರನೆಯ ಸ್ಟೇಜಿನಲ್ಲಿ ಕಣ್ಣಿಗೇ ಕಾಣುತ್ತದೆ. ಅದು ಜಲಪಾತ. ಗೋಕಾಕ ಫಾಲ್ಸ್ ನೋಡಿದವರಿಗೆ ಆ ನೀರು ನಗು ತರಿಸಬಹುದು, ಇರಲಿ. ಬಂಡೆಯಿಂದ ಬಂಡೆಗೆ ಹಾರುತ್ತ ಮೇಲೆ ಹತ್ತಬೇಕು. ಮೇಲಿಂದ ಕಲ್ಲುಗುಂಡುಗಳು ಉರುಳುತ್ತಿರುತ್ತವೆ, ನಡುವೆ ಬೆಂಕಿ ಅತ್ತಿತ್ತ ಓಡಾಡುತ್ತದೆ. ಇಬ್ಬರು ಆಡುವಾಗ ಮುಂದಿನವನು ಹತ್ತಿದಂತೆ ಪರದೆಯೂ ಏರುತ್ತದೆ, ಕೆಳಗೆ ಉಳಿದವನು ಪರದೆಯ ಅಂಚಿಗೆ ಸಿಕ್ಕು ಸಾಯುತ್ತಾನೆ. ಮೂರು ಲೈಫ್ ಇದ್ದಾಗ ದೊಡ್ಡವನು ಕಾಯುತ್ತಿದ್ದ. ಕಲ್ಲು ಹೋಗಲಿ, ಈಗ ಹಾರು ಎಂದು ಹೇಳಿಕೊಡುತ್ತಿದ್ದ. ಮೂವತ್ತಾದ ಮೇಲೆ ಮಾತೇ ಬದಲಾಯಿತು.

“ಅಣ್ಣಾ, ನಿಲ್ಲೋ, ನಾ ಕೆಳಗದೀನಿ!”

“ಹೋಗ್ಲಿ ಬಿಡೋ, ಇನ್ನಾ ಇಪ್ಪತ್ತ ಅದಾವ.”

ತಮ್ಮ ಎರಡು ಲೈಫ್ ಕಳೆದುಕೊಂಡ, ಅಣ್ಣ ಹತ್ತುತ್ತಲೇ ಇದ್ದ. ಕಲ್ಲು ಯಾವ ತಾಳದಲ್ಲಿ ಉರುಳುತ್ತದೆ ಎಂಬುದನ್ನು ಇಬ್ಬರೂ ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲವಲ್ಲ. ಹೀಗೆ ಎಂಟೂ ಸ್ಟೇಜ್ ಮುಗಿಸಿ ಬೀಗಿದ ಹುಡುಗರನ್ನು ಮೂರು ಲೈಫಿಗೆ ಕೂರಿಸಿ ನೋಡಿ. ಮೂವತ್ತು ಲೈಫ್ ತಪ್ಪನ್ನು ಮನ್ನಾ ಮಾಡುತ್ತದೆ, ಮನ್ನಾ ಆದ ತಪ್ಪಿನ ಕಡೆ ಮತ್ತೆ ಯಾರೂ ತಿರುಗಿ ನೋಡುವುದಿಲ್ಲ. ಇಂದಿನ ಕನ್ಸೋಲ್‌ಗಳಲ್ಲಿ ಕೊಡುವ ಲೆಕ್ಕವಿಲ್ಲದ ಕಂಟಿನ್ಯೂ ಕೂಡ ಇದೇ ಜಾತಿಯದು. ಬಟನ್ ಒತ್ತುತ್ತ ಹೋದರೆ ಅರ್ಧ ಗಂಟೆಯೊಳಗೆ ಆಟ ಮುಗಿಯುತ್ತದೆ, ಆಮೇಲೆ “ಇಷ್ಟೇನಾ?” ಎಂಬ ದೂರು ಬೇರೆ.

ಆದರೆ ಅದೇ ಹಳದಿ ಕ್ಯಾಸೆಟ್‌ನಲ್ಲಿ ಹೊಸಬನಿಗೆ ನಿಜಕ್ಕೂ ಬೇಕಾದ ವಸ್ತುವೊಂದು ಇತ್ತು. ಅದನ್ನು ಯಾರೂ ಮೆಚ್ಚಿದ್ದನ್ನು ನಾನು ಕೇಳಿಲ್ಲ, ಎಲ್ಲರೂ ಬೈದದ್ದೇ. ಕ್ಯಾಸೆಟ್ ಮೇಲೆ 9999 ಆಟ ಎಂದು ಬರೆದಿರುತ್ತಿತ್ತು. ಪಟ್ಟಿ ಕೆಳಗಿಳಿಸುತ್ತ ಹೋದರೆ ಬೇರೆ ಬೇರೆ ಆಟಗಳು ಬೆರಳೆಣಿಕೆಯಷ್ಟು, ಉಳಿದವೆಲ್ಲ ಅವೇ ಆಟಗಳ ಪುನರಾವರ್ತನೆ. ಅಂಗಡಿಯವನು ಟೋಪಿ ಹಾಕಿದ ಎಂದು ಮನೆಯಲ್ಲಿ ಸಿಟ್ಟು. ನಕಲು ಮಾಡಿದವನು ಪಟ್ಟಿ ಉದ್ದ ಮಾಡಲು ಒಂದು ಉಪಾಯ ಹೂಡಿದ್ದ: ಅದೇ ಆಟವನ್ನು ಒಂದು ಕಡೆ ಎರಡನೆಯ ಸ್ಟೇಜಿನಿಂದ, ಮತ್ತೊಂದು ಕಡೆ ಐದನೆಯದರಿಂದ, ಇನ್ನೊಂದು ಕಡೆ ಬೇರೆ ಆಯುಧದೊಡನೆ ಶುರುವಾಗುವಂತೆ ತಿದ್ದಿದ್ದ. ಮೋಸವೇ, ಅನುಮಾನವಿಲ್ಲ. ಆದರೆ ಈ ಮೋಸದಿಂದ ತುಕ್ಕಾನಟ್ಟಿಯಂಥ ಊರಿನ ಹುಡುಗನಿಗೆ ತಾನು ಸಾಯುವ ಜಾಗಕ್ಕೇ ನೇರವಾಗಿ ಹೋಗುವ ಬಾಗಿಲು ಸಿಕ್ಕಿತು. ಆ ಪೆಟ್ಟಿಗೆಗೆ ನೆನಪಿನ ಶಕ್ತಿ ಇರಲಿಲ್ಲ ಎಂಬುದನ್ನು ಮರೆಯಬಾರದು. ಸಿಂಗಲ್ ಫೇಜ್ ಕರೆಂಟ್ ಹೋದರೆ ಐದನೆಯ ಸ್ಟೇಜಿನಲ್ಲಿದ್ದವನೂ ಮೊದಲನೆಯದಕ್ಕೆ ಬಂದು ಬೀಳುತ್ತಿದ್ದ. ಕರೆಂಟ್ ಬರುವುದು ಯಾವಾಗಲೋ, ಬಂದರೂ ಇರುವುದು ಎಷ್ಟು ಹೊತ್ತೋ. ಅಂಥ ಊರಿನಲ್ಲಿ ಐದರಿಂದಲೇ ಶುರುವಾಗುವ ಆಟ ಎಂದರೆ ಸಣ್ಣ ಸೌಲಭ್ಯವಲ್ಲ. ಅಲ್ಲಿ ಗುಂಡು ಕಡಿಮೆ ಇರಲಿಲ್ಲ, ಶತ್ರು ಮೆತ್ತಗಿರಲಿಲ್ಲ. ಆಟ ಪೂರ್ತಿ ಕಷ್ಟದಲ್ಲೇ ಇತ್ತು, ದಾರಿ ಮಾತ್ರ ಕಡಿಮೆಯಾಗಿತ್ತು.

ನಮ್ಮ ಕಡೆಯ ಗರಡಿ ಮನೆಯಲ್ಲಿ ಕಲಿಸುವುದೂ ಹೀಗೇ. ಹೊಸ ಹುಡುಗನಿಗೆ ಬೇಕೆಂದೇ ಸೋಲುವ ಪೈಲ್ವಾನನನ್ನು ವಸ್ತಾದ ಜೋಡಿ ಹಾಕುವುದಿಲ್ಲ. ಒಂದು ಪಟ್ಟು ಹೇಳಿಕೊಟ್ಟು, ಅದೇ ಪಟ್ಟಿನಲ್ಲಿ ಸಂಜೆಯ ತನಕ ಮಣ್ಣು ಮುಕ್ಕಿಸುತ್ತಾನೆ. ಎದುರಿನವನ ಬಲ ಬಲವೇ, ಕುಸ್ತಿ ಮಾತ್ರ ಒಂದು ತುಣುಕು.

ಜಪಾನಿನಲ್ಲಿ ಇದನ್ನು ಬಲ್ಲವರು ಇದ್ದರು. 1985ರ ಬೇಸಿಗೆಯಲ್ಲಿ ಹಡ್ಸನ್ ಕಂಪನಿ ಸ್ಟಾರ್ ಫೋರ್ಸ್ ಆಟವನ್ನು ಹಿಡಿದು ಊರೂರು ತಿರುಗಿ ಮಕ್ಕಳ ಸ್ಪರ್ಧೆ ನಡೆಸಿತು, ಕ್ಯಾರವಾನ್ ಎಂಬ ಹೆಸರಿನಲ್ಲಿ. ಆಟವನ್ನು ಸುಲಭ ಮಾಡಲಿಲ್ಲ, ಹೊತ್ತು ಕಟ್ಟಿತು. ಕೆಲವೇ ನಿಮಿಷ, ಅಷ್ಟರಲ್ಲಿ ಎಷ್ಟು ಅಂಕ? ಇವತ್ತು ಹ್ಯಾಮ್‌ಸ್ಟರ್ ಕಂಪನಿ ಹೊರತರುವ ಆರ್ಕೇಡ್ ಆರ್ಕೈವ್ಸ್ ಸರಣಿಯಲ್ಲಿ ಐದು ನಿಮಿಷದ ಕ್ಯಾರವಾನ್ ಮೋಡ್ ಇದೆ. ಹೊಸಬರಿಗೆ ನಾನು ತೋರಿಸುವುದು ಅದನ್ನೇ. ಅದರ ಮೇಲೆ ಎಲ್ಲಿಯೂ ‘ಈಸಿ’ ಎಂದು ಬರೆದಿಲ್ಲ, ಹಾಗಾಗಿ ಹೊಸಬನಿಗೆ ಅವಮಾನವೂ ಇಲ್ಲ. ಇದನ್ನು ಹೇಳಲು ಕಾರಣವಿದೆ. ಸ್ಟ್ರೈಕರ್ಸ್ 1945 ಮಾಡಿದ ಸೈಕ್ಯೋ ಕಂಪನಿಯ ಆಟಗಳು ಮನೆಗೆ ಬಂದಾಗ ತೀರಾ ಕೆಳಗಿನ ಹಂತಕ್ಕೆ ‘ಕೋತಿ’ ಎಂದೂ ಅದರ ಮೇಲಿನದಕ್ಕೆ ‘ಮಗು’ ಎಂದೂ ಹೆಸರು. ಕಾಸು ಕೊಟ್ಟು ಕೊಂಡವನನ್ನು ಕೋತಿ ಎನ್ನುವ ಧೈರ್ಯ ಮೆಚ್ಚತಕ್ಕದ್ದೇ.

ಗುಂಡು ಕಡಿಮೆ ಮಾಡುವುದರಿಂದ ಆಟವೇ ಬೇರೆಯಾಗುತ್ತದೆ ಎಂಬುದಕ್ಕೆ ಇಕರುಗಾಗಿಂತ ಒಳ್ಳೆಯ ಸಾಕ್ಷಿ ಬೇಡ. ಟ್ರೆಷರ್ ಸಂಸ್ಥೆಯ ಈ ಆಟ 2001ರಲ್ಲಿ ಆರ್ಕೇಡ್‌ಗೆ, ಮರುವರ್ಷ ಡ್ರೀಮ್‌ಕಾಸ್ಟ್‌ಗೆ ಬಂತು. ನಿಮ್ಮ ವಿಮಾನಕ್ಕೆ ಕಪ್ಪು, ಬಿಳಿ ಎಂದು ಎರಡು ಬಣ್ಣ. ನಿಮ್ಮದೇ ಬಣ್ಣದ ಗುಂಡು ಕೊಲ್ಲುವುದಿಲ್ಲ, ಅದನ್ನು ನುಂಗಿ ಶಕ್ತಿ ಕೂಡಿಸಿಕೊಳ್ಳಬಹುದು. ನಾರ್ಮಲ್ ಹಂತದಲ್ಲಿ ನಿಮ್ಮ ಬಣ್ಣದ ಶತ್ರುವನ್ನು ಹೊಡೆದರೆ ಅವನು ಸಾಯುತ್ತ ಗುಂಡು ಉಗುಳುತ್ತಾನೆ. ನೋಡಲು ಅಪಾಯ, ತಿಳಿದವನಿಗೆ ಅದೇ ಊಟ. ಈಸಿ ಹಂತದಲ್ಲಿ ಈ ಉಗುಳುವಿಕೆಯೇ ಇಲ್ಲ. ಅಪಾಯ ತೆಗೆದವರು ಊಟವನ್ನೂ ತೆಗೆದರು. ಬಣ್ಣ ನೋಡಿ ಶತ್ರುವನ್ನು ಆರಿಸಿ ಹೊಡೆಯುವುದರಲ್ಲಿರುವ ಸ್ವಾರಸ್ಯ ಅರಿಯದೆ ಹೊಸಬ ಆಟ ಮುಗಿಸುತ್ತಾನೆ. ನಾರ್ಮಲ್‌ಗೆ ಬಂದಾಗ ಮತ್ತೆ ಮೊದಲಿನಿಂದ ಕಲಿಯಬೇಕು, ಜೊತೆಗೆ ಈಸಿಯಲ್ಲಿ ಅಂಟಿಸಿಕೊಂಡ ರೂಢಿಯನ್ನು ಬಿಡಬೇಕು. ಇದೇ ಆಟದಲ್ಲಿ ಒಂದೊಂದು ಭಾಗವನ್ನೇ ನಿಧಾನಗತಿಯಲ್ಲಿ ಆಡಿ ನೋಡಬಹುದಾದ ಕಾಂಕ್ವೆಸ್ಟ್ ಮೋಡ್ ಇದೆ. ಗುಂಡಿನ ವಿನ್ಯಾಸ ಅದೇ, ವೇಗ ಮಾತ್ರ ಕಡಿಮೆ. ಒಳ್ಳೆಯದನ್ನು ಮಾಡಿ ಅಭ್ಯಾಸಕ್ಕೆಂದು ಪಕ್ಕಕ್ಕೆ ಸರಿಸಿ, ಸುಮಾರಾದದ್ದಕ್ಕೆ ಈಸಿ ಎಂಬ ಫಲಕ ತೂಗುಹಾಕಿದ್ದು ವಿಚಿತ್ರ.

ಬ್ಯಾಟಲ್ ಗರೆಗ್ಗಾ ಇನ್ನೂ ಕುತಂತ್ರಿ. 1996ರ ಈ ಆಟದೊಳಗೆ ‘ರ‍್ಯಾಂಕ್’ ಎಂಬ ಕಾಣದ ಲೆಕ್ಕವೊಂದು ಓಡುತ್ತಿರುತ್ತದೆ. ನೀವು ಹೊಡೆದಷ್ಟೂ, ಆಯುಧ ಹೆಕ್ಕಿದಷ್ಟೂ ಅದು ಏರುತ್ತದೆ. ಏರಿದಂತೆ ಶತ್ರುವಿನ ಗುಂಡು ಬಿರುಸಾಗುತ್ತದೆ. ಇಳಿಯುವುದು ನೀವು ಸತ್ತಾಗ ಮಾತ್ರ. ಬಲ್ಲವರು ಲೆಕ್ಕ ಹಾಕಿ ಬೇಕೆಂದೇ ಸಾಯುತ್ತಾರೆ. ಹೊಸಬ ಏನು ಮಾಡುತ್ತಾನೆ? ಬಟನ್‌ನಿಂದ ಬೆರಳು ತೆಗೆಯುವುದಿಲ್ಲ, ಬಿದ್ದ ಆಯುಧವನ್ನೆಲ್ಲ ಬಾಚಿಕೊಳ್ಳುತ್ತಾನೆ, ಜೀವ ಕೈಯಲ್ಲಿ ಹಿಡಿದು ಕಾಪಾಡಿಕೊಳ್ಳುತ್ತಾನೆ. ಬೇರೆ ಆಟಗಳಲ್ಲಿ ಕಲಿತ ಒಳ್ಳೆಯ ಗುಣಗಳೆಲ್ಲ ಇಲ್ಲಿ ಅವನ ಕುತ್ತಿಗೆಗೇ ಬರುತ್ತವೆ, ಯಾಕೆ ಎಂದು ಯಂತ್ರ ಹೇಳುವುದಿಲ್ಲ. ಎಮ್2 ಎಂಬ ಜಪಾನಿ ಸಂಸ್ಥೆ 2016ರಲ್ಲಿ ಇದನ್ನು ಪ್ಲೇಸ್ಟೇಷನ್ 4ಕ್ಕೆ ತಂದಾಗ ಎರಡು ಕೆಲಸ ಮಾಡಿತು. ‘ಸೂಪರ್ ಈಸಿ’ ಮೋಡ್ ಇಟ್ಟಿತು, ಮತ್ತು ಪರದೆಯ ಎರಡೂ ಬದಿಯ ಖಾಲಿ ಜಾಗದಲ್ಲಿ ರ‍್ಯಾಂಕ್ ಈಗ ಎಷ್ಟಿದೆ ಎಂಬುದನ್ನು ಬಿಡದೆ ತೋರಿಸಿತು. ಹೊಸಬರ ಪಾಲಿಗೆ ಒಳ್ಳೆಯದಾಯಿತು ಎಂದು ಹೊಗಳಿಸಿಕೊಂಡದ್ದು ಸೂಪರ್ ಈಸಿ. ನನ್ನ ಪ್ರಕಾರ ಆ ಹೊಗಳಿಕೆ ರ‍್ಯಾಂಕಿನ ಅಂಕೆಗೆ ಸಲ್ಲಬೇಕು. ಆಟದ ಒಂದು ಗುಂಡನ್ನೂ ಮುಟ್ಟದೆ, ಬಚ್ಚಿಟ್ಟಿದ್ದ ಲೆಕ್ಕವನ್ನು ಬಯಲಿಗಿಟ್ಟದ್ದರಿಂದಲೇ ಎಷ್ಟೋ ಜನಕ್ಕೆ ಗರೆಗ್ಗಾ ಅರ್ಥವಾಗುವ ಆಟವಾಯಿತು.

ದಿನವಿಡೀ ದುಡಿದು ಬಂದವನಿಗೆ ಪಾಠ ಯಾಕೆ, ಬಣ್ಣ ನೋಡಿ ಖುಷಿಪಡಲಿ ಬಿಡಿ ಎನ್ನಬಹುದು. ಖಂಡಿತ. 2009ರ ಆರ್-ಟೈಪ್ ಡೈಮೆನ್ಷನ್ಸ್‌ನಲ್ಲಿ ಲೈಫ್ ಮುಗಿಯದ ಇನ್‌ಫಿನಿಟ್ ಮೋಡ್ ಇದೆ. ಸತ್ತಲ್ಲೇ ಎದ್ದು ಮುಂದೆ ಹೋಗಬಹುದು, ಎಷ್ಟು ಸಲ ಸತ್ತಿರಿ ಎಂದು ಅದು ಎಣಿಸಿಯೂ ಹೇಳುತ್ತದೆ. ಅದು ಕಲಿಸುತ್ತೇನೆ ಎಂದು ನಟಿಸುವುದಿಲ್ಲ, ಆದ್ದರಿಂದ ನನ್ನ ತಕರಾರಿಲ್ಲ. ಬೆರಳು ಚುರುಕಾಗಿ ಆಡದವರಿಗೂ ಆಟ ದಕ್ಕಬೇಕು ಎಂಬ ಮಾತು ಇನ್ನೂ ತೂಕದ್ದು. ಅವರಿಗೆ ಗುಂಡು ಕಡಿಮೆ ಮಾಡುವುದಕ್ಕಿಂತ ಇಡೀ ಆಟದ ವೇಗ ಇಳಿಸುವುದೇ ಮೇಲು, ಆಗ ಎಲ್ಲರೂ ಆಡುವ ಆಟವನ್ನೇ ಅವರೂ ಆಡಿದಂತಾಗುತ್ತದೆ. ನನ್ನ ಸಿಟ್ಟು ಹೊಸಬ ಎಂಬ ಹೆಸರಿನಲ್ಲಿ ಬೇರೆ ಆಟ ಕೊಟ್ಟು ಕಳಿಸುವುದರ ಮೇಲೆ. ಮೊಬೈಲ್‌ನ ಶೂಟಿಂಗ್ ಆಟಗಳಲ್ಲಂತೂ ಶುರುವಿನ ಪಂದ್ಯಗಳ ಎದುರಾಳಿಗಳಲ್ಲಿ ಬಹಳಷ್ಟು ಮಂದಿ ಮನುಷ್ಯರೇ ಅಲ್ಲ, ಬಾಟ್‌ಗಳು. ಹುಡುಗ ತಾನೇ ಗೆದ್ದೆ ಎಂದುಕೊಳ್ಳುತ್ತಾನೆ.

ಈಗಿನ ಮರುಬಿಡುಗಡೆಗಳಲ್ಲಿ ಎರಡು ಹೊಸ ಸಲಕರಣೆ ಬಂದಿವೆ: ಬೇಕಾದಲ್ಲಿ ಆಟವನ್ನು ಉಳಿಸಿಟ್ಟುಕೊಳ್ಳುವ ಸೇವ್ ಸ್ಟೇಟ್, ಸತ್ತ ಕೂಡಲೇ ಹಿಂದಕ್ಕೆ ಎಳೆಯುವ ರಿವೈಂಡ್. ಮಡಿವಂತರಿಗೆ ಎರಡೂ ಕಳ್ಳತನ, ಉಪಕಾರಿಗಳಿಗೆ ಎರಡೂ ವರ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಸೇವ್ ಸ್ಟೇಟ್ ನಿಮ್ಮನ್ನು ಪ್ರತಿ ಸಲವೂ ಅದೇ ಜಾಗಕ್ಕೆ ತಂದು ನಿಲ್ಲಿಸುತ್ತದೆ, ಅಲ್ಲಿಂದ ದಾಟುವುದು ನಿಮ್ಮ ಪಾಡು. ಬಾಸ್‌ನ ಎದುರು ಉಳಿಸಿಟ್ಟು ಬಾಸ್‌ನೊಂದಿಗೆ ಮಾತ್ರ ಮತ್ತೆ ಮತ್ತೆ ಸೆಣಸಬಹುದು, ಹಳದಿ ಕ್ಯಾಸೆಟ್‌ನ ಐದನೆಯ ಸ್ಟೇಜಿನ ಹಾಗೆ. ರಿವೈಂಡ್ ಆದರೋ ಗುಂಡು ತಾಗಿದ ಎರಡೇ ಕ್ಷಣ ಹಿಂದಕ್ಕೆ ಒಯ್ದು, ಆ ಒಂದು ಗುಂಡಿನಿಂದ ಜಾರಿಸಿ ಮುಂದೆ ಕಳಿಸುತ್ತದೆ. ಸಾಮಾನ್ಯವಾಗಿ ತಪ್ಪು ಆಗಿರುವುದು ಅದಕ್ಕೂ ಹತ್ತು ಕ್ಷಣ ಮೊದಲು, ಇಕ್ಕಟ್ಟಿನ ಮೂಲೆಗೆ ಹೋದಾಗ. ರಿವೈಂಡ್ ಅಲ್ಲಿಯವರೆಗೆ ಹೋಗಬಲ್ಲದು, ಆಡುವವನು ಹೋಗುವುದಿಲ್ಲ. ಆಟ ತಯಾರಿಸುವವರು ಹೊಸಬರ ಮೋಡ್ ಎಂದು ಒಂದನ್ನೇ ಇಡುವುದಾದರೆ ಯಾವ ಸ್ಟೇಜಿನಿಂದ, ಯಾವ ಆಯುಧದೊಂದಿಗೆ ಬೇಕಾದರೂ ಶುರು ಮಾಡಬಹುದಾದ ಪಟ್ಟಿಯೊಂದನ್ನು ಮೊದಲ ದಿನವೇ, ಬೀಗ ಹಾಕದೆ, ಮೊದಲ ಪರದೆಯಲ್ಲೇ ಇಡಲಿ. ಈಗ ಅದು ಇದ್ದರೂ ಮೆನುವಿನ ಮೂರನೆಯ ಪುಟದಲ್ಲಿ, ‘ಟ್ರೇನಿಂಗ್’ ಎಂಬ ಹೆಸರಿನಡಿ, ಈಗಾಗಲೇ ಆಡಲು ಬಲ್ಲವರು ಮಾತ್ರ ಹೋಗುವ ಜಾಗದಲ್ಲಿದೆ.