ಬೇರ್ ಮೌಂಟನ್‌ನ ಮೆಟ್ಟಿಲುಗಳು

ಜಾರ್ಜಿಯಾದಿಂದ ಮೇಯ್ನ್‌ವರೆಗೆ ಸುಮಾರು 3,500 ಕಿ.ಮೀ. ಸಾಗುವ ಅಪಲೇಷಿಯನ್ ಟ್ರೈಲ್ ಎಂಬ ಕಾಲುದಾರಿಯ ಮೊದಲ ತುಂಡು 1923ರಲ್ಲಿ ತೆರೆದದ್ದು ನ್ಯೂಯಾರ್ಕ್ ನಗರಕ್ಕೆ ಹತ್ತಿರದ ಬೇರ್ ಮೌಂಟನ್‌ ಬಳಿ. ನಗರ ಹತ್ತಿರವಿದ್ದದ್ದೇ ಬೆಟ್ಟಕ್ಕೆ ಮುಳುವಾಯಿತು. ಜನ ತುಳಿದು ತುಳಿದು, ಮಳೆನೀರು ಕೊರೆದು, ದಾರಿಯೆಲ್ಲ ಕೊರಕಲು. ಈಗ ಅಲ್ಲಿ 800ಕ್ಕೂ ಮೀರಿ ಗ್ರಾನೈಟ್ ಮೆಟ್ಟಿಲುಗಳಿವೆ. ನ್ಯೂಯಾರ್ಕ್–ನ್ಯೂಜೆರ್ಸಿ ಟ್ರೈಲ್ ಕಾನ್ಫರೆನ್ಸ್ ಎಂಬ ಸಂಸ್ಥೆ ಇವನ್ನು ಕಟ್ಟಲು ಸ್ವಯಂಸೇವಕರಿಗೆ ಕಲ್ಲುಕೆಲಸವನ್ನೇ ಕಲಿಸಿತು.

ಕಲಿಯುವುದು ಸಾಕಷ್ಟಿದೆ. ಬಂಡೆಗೆ ಸಾಲಾಗಿ ತೂತು ಕೊರೆದು, ಪ್ರತಿ ತೂತಿಗೂ ಎರಡು ಉಕ್ಕಿನ ಪಟ್ಟಿಗಳ ನಡುವೆ ಬೆಣೆ ಇಟ್ಟು, ಒಂದೊಂದಕ್ಕೂ ಸರದಿಯಂತೆ ಸುತ್ತಿಗೆ ಏಟು. ಬೆಣೆ ಬಿಗಿಯಾದಂತೆ ಏಟಿನ ಸದ್ದು ಏರುತ್ತದೆ. ಆಮೇಲೆ ಕಲ್ಲು ತಾನಾಗಿಯೇ ಬಿರಿಯುತ್ತದೆ. ನೂರಾರು ಕಿಲೋದ ಆ ತುಂಡನ್ನು ಕೈರಾಟೆಯಿಂದ, ಮರಗಳ ನಡುವೆ ಬಿಗಿದ ಉಕ್ಕಿನ ಹಗ್ಗದ ಮೇಲೆ ತೇಲಿಸಿ ತರುತ್ತಾರೆ. ಕೂರಿಸುವುದು ಕೆಳಗಿನಿಂದ ಮೇಲಕ್ಕೆ, ಗಾರೆಯಿಲ್ಲದೆ. ಪ್ರತಿ ಕಲ್ಲಿನ ಮುಂಭಾಗ ಕೆಳಗಿನ ಕಲ್ಲಿನ ಬೆನ್ನನ್ನು ಒತ್ತಿ ಹಿಡಿಯಬೇಕು. ಹಿಂದಿನ ಸಂದಿಗೆ ಜಲ್ಲಿ ಜಡಿಯಬೇಕು. ಕೊನೆಗೆ ಒಬ್ಬರು ಹತ್ತಿ, ಮೂಲೆ ಮೂಲೆಗೂ ಕಾಲಿಟ್ಟು ಕುಣಿದು ನೋಡುತ್ತಾರೆ. ಒಂಚೂರು ಅಲುಗಿದರೂ ಸರಿ, ಹಾರೆ ಹಾಕಿ ಎತ್ತಿ ಮತ್ತೆ ಮೊದಲಿನಿಂದ. ಕೂಲಿ ಕೊಟ್ಟರೂ ಈ ಹಠ ಹುಟ್ಟುತ್ತಿತ್ತೇ, ಅನುಮಾನ!

ಮೆಟ್ಟಿಲ ಇಕ್ಕೆಲಗಳಲ್ಲೂ ಒರಟು ಬಂಡೆಗಳನ್ನು ಬೇಕೆಂದೇ ನಿಲ್ಲಿಸಿರುತ್ತಾರೆ, ಯಾರೂ ಪಕ್ಕಕ್ಕೆ ಸರಿದು ಹೊಸ ಕೊರಕಲು ಮಾಡದಿರಲಿ ಎಂದು. ಅಲ್ಲಿಗೆ ಹೋದರೆ ದಯವಿಟ್ಟು ಮೆಟ್ಟಿಲ ಮೇಲೆಯೇ ನಡೆಯಿರಿ.