ಆಟದಂಗಳದ ಮೇಲೊಂದು ಶಿಲ್ಪ

ಮಗಳ ಮನೆಗೆ ಹೋಗಿದ್ದಾಗ ಷಿಕಾಗೋ ವಿಶ್ವವಿದ್ಯಾಲಯದ ಬೀದಿಯೊಂದರಲ್ಲಿ ಹೆನ್ರಿ ಮೂರ್ ಮಾಡಿದ ಕಂಚಿನ ಶಿಲ್ಪವನ್ನು ನೋಡಿದೆ. ಎತ್ತರ ಸುಮಾರು 12 ಅಡಿ, ಹೆಸರು ‘ನ್ಯೂಕ್ಲಿಯರ್ ಎನರ್ಜಿ’. ಅದನ್ನು ದೇವರ ಗುಡಿಯಂತೆ ಸುತ್ತುಹಾಕಿದೆ. ಒಂದು ಕಡೆಯಿಂದ ತಲೆಬುರುಡೆ, ಇನ್ನೊಂದು ಕಡೆಯಿಂದ ಬಾಂಬಿನ ಅಣಬೆಮೋಡ. ಕೆಳಗೆ ಮಾತ್ರ ಪ್ರಾರ್ಥನಾಮಂದಿರದ ಕಂಬಗಳು, ಕಮಾನುಗಳು.

ಅಲ್ಲಿ ಮೊದಲು ಇದ್ದದ್ದು ಮಂದಿರವಲ್ಲ, ಸ್ಟ್ಯಾಗ್ ಫೀಲ್ಡ್ ಎಂಬ ಕ್ರೀಡಾಂಗಣ. ಅಧ್ಯಕ್ಷ ಹಚಿನ್ಸ್ ಅವರಿಗೆ ಓದಿಗಿಂತ ಆಟ ದೊಡ್ಡದಾಗುವುದು ಹಿಡಿಸಲಿಲ್ಲ. 1939ರಲ್ಲಿ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ತಂಡವನ್ನೇ ಕೈಬಿಟ್ಟಿತು. ಪ್ರೇಕ್ಷಕರ ಮೆಟ್ಟಿಲುಗಳ ಅಡಿಯಲ್ಲಿ, ಗೋಡೆಗೆ ಚೆಂಡು ಹೊಡೆದು ಆಡುವ ಅಂಗಣವೊಂದಿತ್ತು. 1942ರಲ್ಲಿ ಎನ್ರಿಕೋ ಫರ್ಮಿ ಮತ್ತು ಸಂಗಡಿಗರು ಅಲ್ಲಿ ಗ್ರಾಫೈಟ್ ಇಟ್ಟಿಗೆಗಳನ್ನೂ ಯುರೇನಿಯಮನ್ನೂ 57 ವರಸೆಗಳಲ್ಲಿ ಪೇರಿಸಿದರು. ಡಿಸೆಂಬರ್ 2ರ ಮಧ್ಯಾಹ್ನ ಪರಮಾಣು ಸರಪಳಿ ಕ್ರಿಯೆ ಮೊದಲ ಸಲ ಮನುಷ್ಯನ ಹತೋಟಿಯಲ್ಲಿ ನಡೆಯಿತು. ಊರಾಚೆ ಇದಕ್ಕೆಂದೇ ಏಳಬೇಕಿದ್ದ ಕಟ್ಟಡ ಕಾರ್ಮಿಕರ ಮುಷ್ಕರದಿಂದ ತಡವಾಗಿತ್ತು. ಹಾಗಾಗಿ ತುಂಬಿದ ನಗರದ ನಡುವೆಯೇ ಕೆಲಸ ಮುಗಿಸಿದರು. ನೆರೆಹೊರೆಯವರಿರಲಿ, ಹಚಿನ್ಸ್ ಅವರನ್ನೂ ಮೊದಲು ಕೇಳಲಿಲ್ಲ. ಈ ದಾರಿಯೇ ಪ್ಲುಟೋನಿಯಂ ತಯಾರಿಕೆಗೆ, ಅಲ್ಲಿಂದ 1945ರಲ್ಲಿ ನಾಗಾಸಾಕಿಗೆ ಹೋಯಿತು.

ಸರಿಯಾಗಿ 25 ವರ್ಷ ತುಂಬಿದ ದಿನ, 1967ರಲ್ಲಿ, ಶಿಲ್ಪದ ಅನಾವರಣವಾಯಿತು. ಗೆಲುವಿನ ನೆನಪಿಗೆಂದು ನಿಲ್ಲಿಸಿದ ಶಿಲ್ಪದಲ್ಲಿ ತಲೆಬುರುಡೆಯನ್ನೂ ಕಾಣಿಸಿದ ಮೂರ್ ಅವರ ಧೈರ್ಯ ದೊಡ್ಡದು. ಮೇಲಿನ ಅರ್ಧವನ್ನು ನಾನು ಮನಸಾರೆ ಒಪ್ಪುತ್ತೇನೆ. ಕೆಳಗಿನ ಅರ್ಧವನ್ನು ಒಪ್ಪಲಾರೆ. ಆ ಕಂಬಗಳು ಜಾಗಕ್ಕೆ ಇಲ್ಲದ ಪಾವಿತ್ರ್ಯ ತಂದುಕೊಡುತ್ತವೆ. ಅಲ್ಲಿ ದುಡಿದವರು ಋಷಿಗಳಲ್ಲ. ಸೈನ್ಯದ ಕರೆ ಬರುವ ಮುನ್ನ ನಾಲ್ಕು ಕಾಸು ಸಂಪಾದಿಸಲು ಬಂದ, ಓದು ಬಿಟ್ಟ ಹುಡುಗರು ಕರಿ ಧೂಳಿನಲ್ಲಿ ಮುಳುಗಿ ಇಟ್ಟಿಗೆ ಹೊತ್ತರು. ತಂಡದ ಒಬ್ಬಳೇ ಹೆಣ್ಣು, 23 ವರ್ಷದ ಲಿಯೋನಾ ವುಡ್ಸ್, ನ್ಯೂಟ್ರಾನ್ ಎಣಿಸುವ ಉಪಕರಣ ಕಟ್ಟಿದಳು. ಇವರ ಬೆವರಾಗಲಿ, ಅಲ್ಲಿ ಹಿಂದೆ ಎದ್ದ ಆಟದ ಕೇಕೆಯಾಗಲಿ ಕಂಚಿನಲ್ಲಿ ಎಲ್ಲೂ ಇಲ್ಲ.

ಒಂದು ಶಿಲ್ಪದ ಮೇಲೆ ಇಷ್ಟೆಲ್ಲ ಹೊರೆ ಹೊರಿಸುವುದು ನ್ಯಾಯವೇ ಎಂದು ನೀವು ಕೇಳಬಹುದು. ಆದರೆ ಸ್ಮಾರಕವೆಂದ ಮೇಲೆ ಅದು ಏನನ್ನು ಮರೆಯಿತು ಎಂದೂ ಕೇಳಬೇಕಲ್ಲವೇ? ಮೂವತ್ತು ವರ್ಷ ಪಾಠ ಹೇಳಿದ ನಾನು ಕಂಡದ್ದು ಇಷ್ಟು: ಪರೀಕ್ಷೆ ಹತ್ತಿರ ಬಂದರೆ ಮೊದಲು ಹೋಗುವುದು ಆಟದ ಅವಧಿ. ಮಕ್ಕಳಿಲ್ಲದ ಕೋಣೆಗೆ ಯಾರು ಏನು ತಂದು ತುಂಬಿದರೂ ಕೇಳುವವರಿರುವುದಿಲ್ಲ.

ಹೊರಡುವಾಗ ತಿರುಗಿ ನೋಡಿದೆ. ಇಬ್ಬರು ಚಿಕ್ಕ ಮಕ್ಕಳು ಆ ಕಂಬಗಳ ನಡುವೆ ನುಸುಳಿ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಅವರ ತಾಯಿ ಗದರಲಿಲ್ಲ. ನನಗೂ ಗದರಬೇಕು ಅನ್ನಿಸಲಿಲ್ಲ.