ಸಂದೇಹದ ವ್ಯಾಪಾರ, ನಂಬಿಕೆಯ ಬಂಡವಾಳ

ವರ್ತಕನು ಹಣವನ್ನು ಕಳೆದುಕೊಂಡರೆ ಮರಳಿ ಗಳಿಸಬಹುದು. ಪತ್ತು ಕಳೆದುಕೊಂಡರೆ ಅಂಗಡಿಯ ಬಾಗಿಲನ್ನೇ ಮುಚ್ಚಬೇಕಾಗುತ್ತದೆ. ಜನತೆಗೆ ಜ್ಞಾನವನ್ನು ಒದಗಿಸುವ ಸಂಸ್ಥೆಗಳಿಗೂ ಈ ಮಾತು ಅನ್ವಯಿಸುತ್ತದೆ. ಅಮೆರಿಕದ ವಿಜ್ಞಾನ ಇತಿಹಾಸಕಾರರಾದ ನವೋಮಿ ಒರೆಸ್ಕೆಸ್ ಮತ್ತು ಎರಿಕ್ ಕಾನ್ವೇ ಅವರು 2010ರಲ್ಲಿ ಪ್ರಕಟಿಸಿದ ‘ಮರ್ಚೆಂಟ್ಸ್ ಆಫ್ ಡೌಟ್’, ಎಂದರೆ ‘ಸಂದೇಹದ ವರ್ತಕರು’, ಎಂಬ ಗ್ರಂಥವು ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾಗಿದೆ.

ತಂಬಾಕು, ಆಮ್ಲಮಳೆ, ಓಜೋನ್ ಪದರದ ಕ್ಷಯ, ಭೂತಾಪದ ಏರಿಕೆ ಈ ಎಲ್ಲ ವಿವಾದಗಳಲ್ಲಿಯೂ ಕೆಲವೇ ವಿಜ್ಞಾನಿಗಳ ಹೆಸರುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುವುದನ್ನು ಗ್ರಂಥಕರ್ತರು ದಾಖಲೆಗಳಿಂದ ತೋರಿಸಿದ್ದಾರೆ. ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದ ಫ್ರೆಡರಿಕ್ ಸೈಟ್ಸ್ ಅವರು 1979ರಿಂದ ತಂಬಾಕು ಕಂಪನಿಯೊಂದರ ಸಂಶೋಧನಾ ಕಾರ್ಯಕ್ರಮದಲ್ಲಿ ತೊಡಗಿದ್ದರು. 1996ರಲ್ಲಿ ಅವರೇ, ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಳಿಯ ವರದಿಯೊಂದರ ಅಧ್ಯಾಯವನ್ನು ಅಕ್ರಮವಾಗಿ ತಿದ್ದಲಾಗಿದೆಯೆಂದು ಪತ್ರಿಕೆಯಲ್ಲಿ ಆರೋಪಿಸಿದರು. ವಾಸ್ತವವಾಗಿ ಆ ತಿದ್ದುಪಡಿಗಳು ಪರಿಶೀಲಕರ ಟೀಕೆಗಳಿಗೆ ಉತ್ತರವಾಗಿ, ನಿಯಮದಂತೆಯೇ ಆದವು. ಲೆಕ್ಕವನ್ನು ಸುಳ್ಳೆಂದು ಸಿದ್ಧಪಡಿಸಲಾಗದವರು ಲೆಕ್ಕ ಬರೆದವನ ನಡತೆಯನ್ನು ಶಂಕಿಸುತ್ತಾರೆ; ಈ ತಂತ್ರವನ್ನು ಬಯಲಿಗೆಳೆದುದೇ ಗ್ರಂಥದ ಹಿರಿಮೆ.

ಆದರೆ ಅದಕ್ಕೊಂದು ಮಿತಿಯೂ ಉಂಟು. ಸಾಮಾನ್ಯನು ತಾನೇ ಎಲ್ಲವನ್ನೂ ಅಳೆದು ನೋಡಲಾರನಾದ್ದರಿಂದ ತಜ್ಞರನ್ನು ನಂಬಬೇಕೆಂದು ಗ್ರಂಥಕರ್ತರು ಕೊನೆಯಲ್ಲಿ ಹೇಳುತ್ತಾರೆ. ಆ ನಂಬಿಕೆಯನ್ನು ಉಳಿಸಿಕೊಳ್ಳಲು ಸಂಸ್ಥೆಗಳು ಏನು ಮಾಡಬೇಕೆಂಬ ಪ್ರಶ್ನೆಗೆ ಅಷ್ಟೇ ಗಮನ ದೊರೆತಿಲ್ಲ. ಇದರ ಮಹತ್ವವನ್ನು ಭಾರತಕ್ಕೆ ಸಂಬಂಧಿಸಿದ ಪ್ರಸಂಗವೊಂದು ತೋರಿಸುತ್ತದೆ. ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಇಲ್ಲವಾಗುವ ಸಂಭವ ಬಹಳವಿದೆಯೆಂದು ಅದೇ ಮಂಡಳಿಯ 2007ರ ವರದಿ ಹೇಳಿತು. ಹಿಮನದಿಗಳ ಹಿಂಜರಿತವನ್ನು ಅಸಾಧಾರಣವೆನ್ನಲು ಆಧಾರ ಸಾಲದೆಂಬ ಭೂವಿಜ್ಞಾನಿ ವಿ. ಕೆ. ರೈನಾ ಅವರ ಪ್ರಬಂಧವನ್ನು ಭಾರತ ಸರ್ಕಾರದ ಪರಿಸರ ಸಚಿವಾಲಯವು 2009ರ ನವೆಂಬರಿನಲ್ಲಿ ಪ್ರಕಟಿಸಿದಾಗ, ಮಂಡಳಿಯ ಅಧ್ಯಕ್ಷರು ಅದನ್ನು ಕಟುವಾಗಿ ತಳ್ಳಿಹಾಕಿದರು. 2010ರ ಜನವರಿಯಲ್ಲಿ ಮಂಡಳಿಯೇ ತನ್ನ ಅಂದಾಜಿಗೆ ಸರಿಯಾದ ಆಧಾರವಿರಲಿಲ್ಲವೆಂದು ಒಪ್ಪಿಕೊಳ್ಳಬೇಕಾಯಿತು.

938 ಪುಟಗಳ ಸಂಪುಟದಲ್ಲಿ ಅದು ಒಂದು ಕಂಡಿಕೆ ಮಾತ್ರ. ಹಿಮನದಿಗಳು ಕರಗುತ್ತಿರುವುದೂ ನಿಜವೇ. ಆದರೂ ಒಂದು ತೂಕದ ಕಲ್ಲು ತಪ್ಪೆಂದು ಕಂಡ ಗಿರಾಕಿ ಉಳಿದ ಕಲ್ಲುಗಳನ್ನೂ ಅನುಮಾನಿಸುವುದು ಸಹಜ. ಸಂದೇಹದ ವರ್ತಕರಿಗೆ ಅಂದು ಸರಕು ಒದಗಿದ್ದು ಸಂಸ್ಥೆಯ ಅಸಡ್ಡೆಯಿಂದಲೇ.

ಮುಂದೆ ನಡೆದುದು ಮಾತ್ರ ಸ್ತುತ್ಯರ್ಹ. ಹೊರಗಿನ ವಿಜ್ಞಾನ ಅಕಾಡೆಮಿಗಳ ಸಮಿತಿಯಿಂದ ತನ್ನ ಕಾರ್ಯವಿಧಾನದ ಪರಿಶೀಲನೆಗೆ ಮಂಡಳಿ ಒಪ್ಪಿತು. 2011ರಲ್ಲಿ ತಪ್ಪುಗಳನ್ನು ತಿದ್ದುವ ಕ್ರಮವನ್ನೂ, ಸ್ವಹಿತಾಸಕ್ತಿಯನ್ನು ಕುರಿತ ನಿಯಮಗಳನ್ನೂ ಅಂಗೀಕರಿಸಿತು. ಖಾತೆ-ಕಿರ್ದಿಯಲ್ಲಿ ತಪ್ಪು ನುಸುಳುವುದು ಮಾನುಷ ಸಹಜ. ತಪ್ಪನ್ನು ತೋರಿಸಿದವನೆದುರು ಪುಸ್ತಕವನ್ನು ತೆರೆದಿಡುವ ಅಂಗಡಿಗೆ ಗಿರಾಕಿ ಮರಳಿ ಬರುತ್ತಾನೆ. ಹವಾಮಾನದ ಅರಿವನ್ನು ಹರಡಬಯಸುವವರು ಈ ಗ್ರಂಥವನ್ನು ಓದಬೇಕು; ಓದಿದ ಮೇಲೆ ತಮ್ಮ ಲೆಕ್ಕವನ್ನೂ ಒಮ್ಮೆ ತಾಳೆ ನೋಡಬೇಕು.